ಎತ್ತಿನ ಛತ್ರಕ್ಕೆ ಬಂದವಳು

ವಾಣಿಶ್ರೀಗೆ ಸಿಟ್ಟು ಬಂದರೆ ಮಾತು ಕಡಿಮೆಯಾಗುತ್ತದೆ, ಕೆಲಸ ಜೋರಾಗುತ್ತದೆ. ತಮ್ಮ ವೀರೇಶ್ ಫೋನಿನಲ್ಲಿ, "ಅಕ್ಕ, ನೀನು ಕೊಟ್ಟ ಮನಿಯೋಳು. ಛತ್ರದ ವಿಚಾರದಾಗೆ ಹೊರಗಿನೋರು ಬಾಯಿ ಹಾಕೋದು ಬ್ಯಾಡ" ಅಂದಾಗ ಅವಳು ಫೋನ್ ಇಟ್ಟಳು. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಅವಳ ಮನೆಯಲ್ಲಿ ಅವತ್ತು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದದ್ದಾಯಿತು.

ಛತ್ರ ಇರುವುದು ಹರಿಹರದ ಈಚೆಗೆ, ಹಳೇ ರಸ್ತೆಯ ಪಕ್ಕದಲ್ಲಿ, ಅವಳ ತವರುಮನೆಗೆ ಹೊಂದಿಕೊಂಡು. ಲಾರಿಗಳಿಲ್ಲದ ಕಾಲದಲ್ಲಿ ಸಂತೆಯಿಂದ ಸಂತೆಗೆ ದನ ಹೊಡೆದುಕೊಂಡು ಹೋಗುವವರು ಹೊಳೆ ದಾಟುವ ಮುನ್ನ ತಂಗಲಿ ಎಂದು ಅವಳ ಮುತ್ತಜ್ಜ ಕಟ್ಟಿಸಿದ್ದು. ದನ ಕಟ್ಟಲು ವಿಶಾಲ ಅಂಗಳ, ಸಾಲು ಗೂಟ, ನಡುವೆ ಕಲ್ಲಿನ ತೊಟ್ಟಿ. ಮನುಷ್ಯರಿಗೆ ಮಾತ್ರ ಕಾಲು ಚಾಚಿದರೆ ಹೊರಗೆ ಬರುವಷ್ಟು ಜಗಲಿ. ಮುತ್ತಜ್ಜನಿಗೆ ಯಾರ ಮೇಲೆ ಪ್ರೀತಿ ಹೆಚ್ಚೆಂದು ಬೇರೆ ಹೇಳಬೇಕಿಲ್ಲ. ಬಂದವರ ಹೆಸರು, ಜಾತಿ ಕೇಳುವಂತಿರಲಿಲ್ಲ. ಮನೆಯ ಯಜಮಾನ ಕೈಯಾರೆ ತೊಟ್ಟಿ ತುಂಬಿಸಬೇಕು. ದನ ಕುಡಿಯುವವರೆಗೆ ದನಗಾರ ನೀರು ಮುಟ್ಟಬಾರದು. ಮುಟ್ಟಿದವನು ದನಗಾರನಲ್ಲ, ಬರೀ ದಾರಿಹೋಕ.

ದೀಪಾವಳಿಯಿಂದ ದೀಪಾವಳಿಗೆ ಒಬ್ಬರಾದರೂ ದನ ನಡೆಸಿಕೊಂಡು ಬಂದರೆ ಛತ್ರ ಉಳಿಯಬೇಕು, ಯಾರೂ ಬರದಿದ್ದರೆ ಏನಾದರೂ ಮಾಡಿಕೊಳ್ಳಿ ಎಂದು ಮುತ್ತಜ್ಜ ಮಾತು ತೆಗೆದುಕೊಂಡಿದ್ದ. ಈಚೆಗೆ ಬರುತ್ತಿದ್ದವನು ಮುದುಕ ಮಾಳಿಂಗಪ್ಪ ಒಬ್ಬನೇ. ಈ ವರ್ಷ ಬರುವ ಮೊದಲೇ ಅವನೂ ತೀರಿಕೊಂಡ. ಹಬ್ಬ ಕಳೆಯಲೆಂದು ವೀರೇಶ್ ಕಾಯುತ್ತಿದ್ದ. ಆಮೇಲೆ ಛತ್ರ ಕೆಡವಿ ಕಲ್ಯಾಣ ಮಂಟಪ. ಹಿರಿಯರ ಮಾತು ಮೀರುವ ಆಸಾಮಿ ಅವನಲ್ಲ, ಅಷ್ಟು ಒಪ್ಪಬೇಕು.

ಹೊರಗಿನವಳೇ? ಆಗಲಿ, ಹೊರಗಿನವರು ಬರುತ್ತಿದ್ದ ಹಾಗೇ ಬರುತ್ತೇನೆ ಎಂದುಕೊಂಡಳು ವಾಣಿಶ್ರೀ. ದಾವಣಗೆರೆಯಲ್ಲೇ ಒಂದು ಜೋಡೆತ್ತು ಕೊಂಡು, ಹಬ್ಬದ ಹಿಂದಿನ ದಿನ ಸೀರೆ ಎತ್ತಿ ಕಟ್ಟಿ ಹೊರಟೇಬಿಟ್ಟಳು.

"ಬೈಕಿನಾಗೆ ಹಿಂದೆ ಬರ್ಲೇನು?" ಅಂದ ಗಂಡ ರುದ್ರಮುನಿ.

"ಬ್ಯಾಡ. ದನಗಾರರ ಹಿಂದೆ ಯಾರ ಗಂಡನೂ ಬೈಕ್ ತಗೊಂಡು ಹೋಗಿಲ್ಲ."

ಎತ್ತುಗಳು ಅವಳ ಅನುಭವ ಎಷ್ಟೆಂದು ಊರು ದಾಟುವುದರೊಳಗೆ ಕಂಡುಕೊಂಡವು. ಕಂಡ ಕಂಡ ಮೆಕ್ಕೆಜೋಳದ ಹೊಲಕ್ಕೆಲ್ಲ ಎಳೆದವು. ಚಪ್ಪಲಿ ಕಿತ್ತುಹೋಯಿತು. ಬಸ್ಸಿನವರು ಹಾರ್ನ್ ಹೊಡೆದು ನಕ್ಕರು, ಅವಳು ಹಗ್ಗ ಜಗ್ಗಿ ಮುಂದೆ ನಡೆದಳು. ಛತ್ರದ ಬಾಗಿಲಿಗೆ ಬರುವಷ್ಟರಲ್ಲಿ ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು.

ವೀರೇಶ್ ಎತ್ತು ನೋಡಿದ, ಅಕ್ಕನ ಬರಿಗಾಲು ನೋಡಿದ, ಒಳಗೆ ಓಡಿ ತಂಬಿಗೆ ನೀರು ತಂದ. "ಮೊದ್ಲು ಕುಡಿ. ಮುಖ ಹೆಂಗಾಗೈತೆ ನೋಡು."

ಅದು ಪ್ರೀತಿಯೋ ಉಪಾಯವೋ, ಅವನಿಗೇ ಗೊತ್ತಿದ್ದಂತಿರಲಿಲ್ಲ. ಅಂಥ ದಾಹ ಅವಳಿಗೆ ಜನ್ಮದಲ್ಲಿ ಆಗಿರಲಿಲ್ಲ. ಒಡಹುಟ್ಟಿದವನು ಕೊಟ್ಟ ನೀರು ಬೇಡವೆನ್ನುವುದೂ ಸುಲಭವಿರಲಿಲ್ಲ. ಆದರೆ ಕುಡಿದರೆ ಅವಳು ಹಬ್ಬಕ್ಕೆ ಬಂದ ಅಕ್ಕ, ಅಷ್ಟೇ.

"ಎತ್ತು ಕುಡೀಲಿ ಮೊದ್ಲು," ಅಂದಳು.

"ಹಟ ಮಾಡಬ್ಯಾಡ, ವಾಣಕ್ಕ."

"ಇಲ್ಲಿ ಹೆಸರು ಹಿಡಿದು ವಿಚಾರ್ಸಂಗಿಲ್ಲ."

ಎತ್ತುಗಳು ಒಣಗಿದ ತೊಟ್ಟಿಯ ತಳವನ್ನು ನೆಕ್ಕತೊಡಗಿದವು. ವೀರೇಶ್ ಅದನ್ನು ನೋಡಿದ. ಆಮೇಲೆ ತಂಬಿಗೆಯನ್ನು ಜಗಲಿಯ ಮೇಲಿಟ್ಟು, ಪಂಚೆ ಮೇಲಕ್ಕೆ ಕಟ್ಟಿ ಬಾವಿಗೆ ಹೋದ. ಕೊಡದ ಮೇಲೆ ಕೊಡ ಸೇದಿ ತಂದು ಸುರಿದ. ಅರ್ಧ ಅವನ ಮೈಮೇಲೇ ಚೆಲ್ಲಿತು. ಎತ್ತುಗಳು ಕುಡಿದು ಮುಸುಡಿ ಎತ್ತಿದ ಮೇಲೆ ವಾಣಿಶ್ರೀ ತಂಬಿಗೆ ಎತ್ತಿಕೊಂಡು ಒಂದೇ ಉಸಿರಿಗೆ ಕುಡಿದಳು.

"ಬರೋ ವರ್ಷನೂ ಹಿಂಗೇ ಬರ್ತೀಯೇನು?" ಏದುಸಿರು ಬಿಡುತ್ತ ಕೇಳಿದ ವೀರೇಶ್.

"ಕಾಲು ನಡೆಯೋತನಕ ಬರ್ತೀನಿ."

ಅವನು ಒದ್ದೆ ಕೈ ಒರೆಸಿಕೊಂಡು ಛತ್ರ ಕೆಡವಲು ಹೇಳಿಟ್ಟಿದ್ದ ಜೆಸಿಬಿಯವನಿಗೆ ಫೋನ್ ಹಚ್ಚಿದ. "ಬರೋದು ಬ್ಯಾಡ್ರಿ. ಛತ್ರದಾಗೆ ದನಗಾರರು ಇಳ್ಕಂಡಾರೆ."