ಸೊನ್ನೆಯ ಕೆಳಗಿನ ಸಾಲು

ಮಂಜು ಬಿದ್ದಿದೆ ಎನ್ನುವುದಕ್ಕಿಂತ ಊರನ್ನೇ ಯಾರೋ ಒರೆಸಿ ಇಟ್ಟಿದ್ದಾರೆ ಎನ್ನಬೇಕು, ಬಸ್ಸಿನ ಕಿಟಕಿಯ ಆಚೆಯೂ ಬಿಳುಪು, ಈಚೆಯೂ ಬಿಳುಪು, ಉಸಿರು ತಾಗಿ ಮಸುಕಾದ ಗಾಜಿನ ಮೇಲೆ ಅವಳ ಬೆರಳು ತಾನಾಗಿಯೇ ಆರು ಮೂಲೆಯ ಮನೆಯೊಂದನ್ನು ಬರೆಯಿತು, ಅದಕ್ಕೆ ಅಂಟಿಕೊಂಡು ಇನ್ನೊಂದು, ಮತ್ತೊಂದು — ಹನ್ನೆರಡು ವರ್ಷದ ಚಟ, ಸುಮ್ಮನೆ ಕೂತರೆ ಕೈ ಜೇನುಹಟ್ಟಿ ಕಟ್ಟುತ್ತದೆ. ಹತ್ತಕ್ಕೆ ವಿಚಾರಣೆ. ಈಗ ಎಂಟೂಮುಕ್ಕಾಲು. ಅವಳೇನು ಆರೋಪಿಯಲ್ಲ, ಸಾಕ್ಷಿ. ರೋಗಿಗಳನ್ನು ಆಸ್ಪತ್ರೆಗೆ ಒಯ್ಯುವ ವ್ಯಾನುಗಳಿಗೆ ಕರೆ ಹಂಚುವ ಪ್ರೋಗ್ರಾಮು ಅವಳು ಬರೆದದ್ದು, ನಕ್ಷೆಯ ಮೇಲೆ ಊರೆಲ್ಲ ಆರು ಮೂಲೆಯ ಮನೆಗಳು, ಕರೆ ಬಂದ ಮನೆಯಲ್ಲಿ ವ್ಯಾನಿಲ್ಲದಿದ್ದರೆ ಸುತ್ತಲಿನ ಆರು ನೆರೆಮನೆಗಳಲ್ಲಿ ಹುಡುಕು, ಅಷ್ಟೇ, ಚೌಕವಾದರೆ ಮೂಲೆಯ ನೆರೆ ದೂರ, ಪಕ್ಕದ ನೆರೆ ಹತ್ತಿರ, ಇಲ್ಲಿ ಆರೂ ಕಡೆ ಸಮ, ಯಾರಿಗೂ ಮೋಸವಿಲ್ಲ, ಎಂದು ಎಷ್ಟು ಜಂಬದಿಂದ ಹೇಳಿದ್ದಳು. ಆದರೂ ಮರದ ಡಿಪೋ ಹತ್ತಿರ ನಿಲ್ಲುವ ಡ್ರೈವರು ತಿಂಗಳಲ್ಲಿ ಏಳು ಸಲ ತಡ, ಹದಿನೈದು ದಿನದಿಂದ ಅವನ ವ್ಯಾನಿನ ಕೀಲಿಕೈ ಸೂಪರಿಂಟೆಂಡೆಂಟರ ಡ್ರಾಯರಿನಲ್ಲಿ, ಇವತ್ತು ಅವನ ಕೆಲಸ ಉಳಿಯಬೇಕು ಇಲ್ಲವೇ ಹೋಗಬೇಕು. ಪಕ್ಕದ್ದು ಅಂತ ನಿಮ್ಮ ಫೋನು ಹೇಳುತ್ತೆ ಮೇಡಂ, ಪಕ್ಕ ಎಲ್ಲಿ ಬಂತು, ರೈಲ್ವೆ ಗೇಟು ದಾಟಿ ಸುತ್ತು ಹಾಕ್ಕೊಂಡು ಹೋಗ್ಬೇಕು, ಎಂದಿದ್ದ. ಮಿಷನ್ನು ಸುಳ್ಳು ಹೇಳಲ್ಲ ಕಣಪ್ಪ, ಎಂದವಳು ಇವಳೇ, ಕಣಪ್ಪ! ತನಗಿಂತ ಹತ್ತು ವರ್ಷ ದೊಡ್ಡವನಿಗೆ, ಅವನು ಆಚೆ ಹೋದ ಮೇಲೆ ಚಹಾದ ಲೋಟ ಹಿಡಿದು ಬಸವನಹುಳು ಹೊರಡ್ತು ನೋಡ್ರೇ ಎಂದವಳೂ ಇವಳೇ, ನಗು ಎಷ್ಟು ಬೇಗ ಹಬ್ಬಿತು, ಮರುದಿನದಿಂದ ಅವನಿಗೆ ಅದೇ ಹೆಸರು, ಗೇಟಿನ ಕಾವಲುಗಾರನೂ, ಏನು ಬಸವನಹುಳು, ಇವತ್ತು ಬಂತಾ ಇಲ್ಲ ನಾಳೆಗೆ ಬರುತ್ತಾ, ಅವನು ತಲೆ ತಗ್ಗಿಸಿ ನಗುತ್ತಿದ್ದ. ಮತ್ತೆ ಆ ದರ್ಜಿಯ ದೂರಿನ ಕಾಗದ, ಡಯಾಲಿಸಿಸ್‌ಗೆ ಹೋಗುವವನು, ಎಷ್ಟು ಮರ್ಯಾದೆಯ ಅಕ್ಷರ — ಹನ್ನೊಂದಕ್ಕೆ ಬರುತ್ತೀರೆಂದು ಚಪ್ಪಲಿ ಮೆಟ್ಟಿ, ಚೀಲ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತವನು ಕೂತೇ ಇದ್ದೆ — ಆ ಮೆಟ್ಟಿಲು ಅವಳು ಕಂಡದ್ದಲ್ಲ, ಆದರೂ ಕಣ್ಣಿಗೆ ಕಟ್ಟಿದೆ.

ಬೆರಳು ಕಿಟಕಿಯ ನಡುಕಂಬಿಗೆ ಬಂದಿತ್ತು, ಕಂಬಿಯೇ ಸೊನ್ನೆಯ ಸಾಲಾಗಲಿ, ಊರಿನ ನಟ್ಟನಡುವಿನ ರೈಲ್ವೆ ಸ್ಟೇಷನ್ನು, ಮೇಲಕ್ಕೆ ಒಂದು, ಎರಡು, ಕೆಳಕ್ಕೆ ಮೈನಸ್ ಒಂದು, ಮೈನಸ್ ಎರಡು. ನಡುವಿನಿಂದ ಎಣಿಸುವುದು ಅಪ್ಪನ ಬುದ್ಧಿ, ನೆಲಕ್ಕೆ ಆರು ಮೂಲೆಯ ಹಂಚು ಕೂರಿಸುತ್ತಿದ್ದ ಅಪ್ಪ, ಗೋಡೆ ನಂಬಬೇಡ ಮಗಳೇ, ಗೋಡೆ ಸೊಟ್ಟಗಿರುತ್ತೆ, ನಡುಮನೆಯಿಂದ ಶುರು ಮಾಡು, ಒಂದು ಸಾಲು ಬಿಟ್ಟು ಒಂದು ಸಾಲನ್ನ ಅರ್ಧ ಹಂಚು ಸರಿಸು, ಎರಡು ಕಡೆಗೂ ಹಾಗೇ. ಎರಡು ಕಡೆಗೂ. ಬೆರಳು ಕೆಳಗಿನ ಸಾಲನ್ನೂ ಅರ್ಧ ಮನೆ ಸರಿಸಿತು, ಬೆರಳಿಗೆ ಗೊತ್ತಿತ್ತು, ಪ್ರೋಗ್ರಾಮಿಗೆ? ಅದರಲ್ಲಿ ಅವಳು ಬರೆದದ್ದು, ಸಾಲಿನ ಅಂಕಿಯನ್ನು ಎರಡರಿಂದ ಭಾಗಿಸು, ಶೇಷ ಒಂದಾದರೆ ಬೆಸಸಾಲು, ಅದನ್ನು ಅರ್ಧ ಮನೆ ಸರಿದ ಸಾಲೆಂದು ತಿಳಿ. ಮೂರಕ್ಕೆ ಶೇಷ ಒಂದು, ಸರಿ. ಮೈನಸ್ ಮೂರಕ್ಕೆ — ಮಿಷನ್ನು ಹೇಳುವ ಶೇಷ ಮೈನಸ್ ಒಂದು. ಒಂದಲ್ಲ. ಹಾಗಾದರೆ ಬೆಸವಲ್ಲ, ಹಾಗಾದರೆ ಸರಿದಿಲ್ಲ, ಹಾಗಾದರೆ ಆರು ನೆರೆಯಲ್ಲಿ ಎರಡು ನೆರೆಯೇ ಅಲ್ಲ, ನಿಜವಾದ ನೆರೆ ಎರಡು ಲೆಕ್ಕಕ್ಕೇ ಇಲ್ಲ, ಅಯ್ಯೋ ದೇವರೇ, ದರ್ಜಿಯ ಮನೆ ಇರುವುದು ಮೈನಸ್ ಮೂರರಲ್ಲಿ, ಅವನ ನಿಜವಾದ ಪಕ್ಕದಲ್ಲಿ ಖಾಲಿ ವ್ಯಾನು ನಿಂತಿರುತ್ತಿತ್ತು, ಪ್ರೋಗ್ರಾಮು ಗೇಟಿನಾಚೆಯ ಡಿಪೋವನ್ನು ಪಕ್ಕ ಎಂದು ಕರೆಯುತ್ತಿತ್ತು, ಹನ್ನೆರಡು ನಿಮಿಷ ಕೊಟ್ಟು ನಲವತ್ತು ನಿಮಿಷದ ದಾರಿಗೆ ಅವನನ್ನು ಅಟ್ಟುತ್ತಿತ್ತು. ಶೇಷ ಒಂದೇ ಎಂದು ಕೇಳಬಾರದಿತ್ತು, ಸೊನ್ನೆ ಅಲ್ಲವೇ ಎಂದು ಕೇಳಬೇಕಿತ್ತು. ದೇವರು ಎಣಿಸುವಾಗ ಸೊನ್ನೆಯ ಕೆಳಗಿನವರಿಗೆಂದು ಬೇರೆ ಲೆಕ್ಕ ಇಡುವುದಿಲ್ಲ, ಇಟ್ಟವಳು ನಾನು.

ಇಳಿದಳು, ನಡೆದಳು, ಯಾರದೋ ಭುಜ ತಾಗಿತು, ನೋಡ್ಕೊಂಡು ಹೋಗಮ್ಮ. ಮೆತ್ತಗೆ ಒಂದು ಯೋಚನೆ ಜೊತೆಗೇ ನಡೆಯಿತು, ಒಂದು ಸಾಲು ತಿದ್ದಿದರೆ ಮುಗಿಯಿತು, ಯಾರು ಕೇಳುತ್ತಾರೆ, ಅವನನ್ನು ಎಚ್ಚರಿಕೆ ಕೊಟ್ಟು ಬಿಡಿ ಎಂದರೆ ಬಿಡುತ್ತಾರೆ, ನಾಳೆಯಿಂದ ಹೊತ್ತಿಗೆ ಸರಿಯಾಗಿ ತಲುಪುತ್ತಾನೆ — ತಲುಪಿದರೆ ಏನೆನ್ನುತ್ತಾರೆ? ಬೈದ ಮೇಲೆ ನೆಟ್ಟಗಾದ ಬಸವನಹುಳು ಎನ್ನುತ್ತಾರೆ. ಸಾಯುವ ತನಕ ಎನ್ನುತ್ತಾರೆ. ಅವನೂ ನಂಬಿಬಿಡುತ್ತಾನೆ. ಕಚೇರಿಯ ಮೆಟ್ಟಿಲು ಹತ್ತುವಾಗ ಅಲ್ಲೂ ಚೀಲ ಮಡಿಲಲ್ಲಿಟ್ಟ ದರ್ಜಿ, ಎರಡನೆಯ ತಿರುವಿನಲ್ಲೂ ಅವನೇ.

ಸೂಪರಿಂಟೆಂಡೆಂಟರು ಹೇಳಿ ಮೇಡಂ, ನಿಮ್ಮ ವರದಿ ಇದೆ, ಪ್ರೋಗ್ರಾಮಿನಲ್ಲಿ ದೋಷ ಇಲ್ಲ ಅಂತ, ಸಹಿ ಹಾಕಿದ್ರೆ ಆಯ್ತು ಎಂದರು, ಡ್ರೈವರು ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದ, ಮೇಲಿನ ಗುಂಡಿಯನ್ನೂ ಹಾಕಿದ್ದ, ಅವಳು ಆ ಗುಂಡಿಯನ್ನೇ ನೋಡುತ್ತಿದ್ದಳು, ವರದಿ ತಪ್ಪು ಸಾರ್, ಇವರು ಹೇಳಿದ್ದೇ ಸರಿ, ತಪ್ಪು ನಂದು, ತಡ ಆಗಿದ್ದು ನನ್ನಿಂದ, ಬರೆದುಕೊಡ್ತೀನಿ, ಎಂದ ಧ್ವನಿ ತನ್ನದೇ ಎಂದು ಅವಳಿಗೆ ಆಮೇಲೆ ತಿಳಿಯಿತು, ಏಳೂ ಸಲನಾ? ಏಳೂ ಸಲ ಸಾರ್. ಬಸವನಹುಳು ಅಂದಿದ್ದೂ ನಾನೇ ಅಣ್ಣಾ. ಅವನು ಕತ್ತೆತ್ತಿ, ಗೊತ್ತಿತ್ತು ಬಿಡಿ ಮೇಡಂ, ನನ್ನ ಮಗಳಂತೂ ಅದರ ಚಿತ್ರಾನೇ ಬರೆದು ಕೊಟ್ಟಿದ್ಲು, ಎಂದ, ನಗಲಿಲ್ಲ. ಡ್ರಾಯರು ಸದ್ದು ಮಾಡಿತು. ಸೂಪರಿಂಟೆಂಡೆಂಟರು ಕೀಲಿಕೈಯನ್ನು ತೆಗೆದು ಅವನ ಮುಂದೆ, ಅವನ ಕೈಯ ತೀರಾ ಹತ್ತಿರ ಇಟ್ಟರು, ಅವನು ಗೋಡೆಯ ಗಡಿಯಾರ ನೋಡಿದ, ಇವತ್ತು ದರ್ಜಿಯವರ ದಿನ ಅಲ್ವಾ ಮೇಡಂ, ನಿಮ್ಮ ಫೋನು ಇನ್ನೂ ತಿದ್ದಿಲ್ಲ ತಾನೇ, ನನ್ನನ್ನೇ ಕಳಿಸುತ್ತೆ, ಈಗ್ಲೇ ಹೊರಟ್ರೆ ಸುತ್ತು ಹಾಕ್ಕೊಂಡೂ ಹನ್ನೊಂದಕ್ಕೆ ಮುಟ್ತೀನಿ, ಎಂದು ಕೀಲಿಕೈ ಎತ್ತಿಕೊಂಡು ಬಾಗಿಲು ದಾಟಿದ, ತಿದ್ದಿಲ್ಲ, ಇನ್ನೂ ತಿದ್ದಿಲ್ಲ, ಹತ್ತೂಕಾಲು, ಮಂಜು, ಮೆಟ್ಟಿಲು, ಮಡಿಲಲ್ಲಿ ಚೀಲ, ಕಾಲಲ್ಲಿ ಚಪ್ಪಲಿ —