ಸಿದ್ರಾಮಪ್ಪ ದೊಡ್ಡ ದೋಣಿ ಹತ್ತಿದ್ದು

ಧೂಳಪ್ಪ ದೋಣಿಯ ಹಲಗೆಗೆ ಅಂಟಿದ್ದ ಎಮ್ಮೆಯ ಸಗಣಿಯನ್ನು ಕೆರೆದು ಕೆರೆದು ಹೊಳೆಗೆ ಎಸೆಯುತ್ತಿದ್ದ. ಬೆಳಗಿನಿಂದ ಒಂದೇ ಸಮನೆ ತೊಳೆಯುತ್ತಿದ್ದವನನ್ನು ಹುಟ್ಟು ಹಾಕುವ ಆಳುಗಳು ದಂಡೆಯ ಮೇಲೆ ಕೂತು, ಬೀಡಿ ಸೇದುತ್ತ ನೋಡುತ್ತಿದ್ದರು. ನಿನ್ನೆ ಸಂತೆಯ ದಿನ ಇದೇ ಸಗಣಿ ಅವನ ಕಣ್ಣಿಗೆ ಬಿದ್ದಿರಲಿಲ್ಲ. ರಾತ್ರಿ ಟೇಲರ್ ಸಿದ್ರಾಮಪ್ಪ ತೀರಿಕೊಂಡಿದ್ದ.

"ಸಾಕು ಬಿಡೋ, ಹಲಗಿ ಸವದು ನೀರು ಬಂದೀತು" ಎಂದ ಅವರಲ್ಲೊಬ್ಬ. "ಅಂವ ಹತ್ತೂದಿಲ್ಲಂತ ಊರಿಗೆ ಊರೇ ಕೇಳೇತಿ. ಯಾರ ಸಲುವಾಗಿ ತೊಳ್ಯಾಕತ್ತಿ?"

ಧೂಳಪ್ಪ ಹಲಗೆಗೆ ಇನ್ನೊಂದು ಬೊಗಸೆ ನೀರು ಎರಚಿದ. ಅವನ ಅಂಗಿಯ ಎದೆಯ ಮೇಲೆ ಗುಂಡಿ ಇರಬೇಕಾದಲ್ಲಿ ಒಂದು ಪಿನ್ನು ಇತ್ತು. ಬಗ್ಗಿದಾಗಲೆಲ್ಲ ಅದು ಚುಚ್ಚುತ್ತಿತ್ತು.

ಸಿದ್ರಾಮಪ್ಪನ ಮನೆ ಮುದ್ದೇಬಿಹಾಳದ ಕಡೆಯ ಈ ದಂಡೆಯಲ್ಲಿ; ಅವನ ಹಿರಿಯರ ಸಮಾಧಿಗಳಿದ್ದ ಹೊಲ ಆಚೆ ದಂಡೆಯಲ್ಲಿ. ಹೆಣ ಕೃಷ್ಣೆಯನ್ನು ದಾಟಲೇಬೇಕು. ನವರಾತ್ರಿ ಹತ್ತಿರ ಬಂದಿದ್ದರೂ ಹೊಳೆ ದಂಡೆತುಂಬ ಹರಿಯುತ್ತಿತ್ತು. ಸೇತುವೆ ಸುತ್ತಿ ಹೋಗೋಣವೆಂದರೆ ಚಕ್ಕಡಿಗೆ ಒಂದು ಹಗಲು ಸಾಲದು. ಘಾಟಿನಲ್ಲಿ ಇದ್ದದ್ದು ಧೂಳಪ್ಪನ ದೊಡ್ಡ ದೋಣಿ ಒಂದೇ. ಅದನ್ನು ಕುರಿತೇ ಸಿದ್ರಾಮಪ್ಪ ಐದಾರು ವರ್ಷದ ಹಿಂದೆ ಇಡೀ ಘಾಟಿನ ಎದುರು ಕೂಗಿ ಹೇಳಿದ್ದ: "ನಾ ಅಷ್ಟ ಅಲ್ಲ, ನನ್ನ ಹೆಣಾನೂ ಈ ದೋಣಿ ಹತ್ತೂದಿಲ್ಲ!"

ಬದುಕಿದ್ದವನ ಸಿಟ್ಟನ್ನು ಧೂಳಪ್ಪ ಹೇಗೋ ನುಂಗಿಕೊಂಡಿದ್ದ. ಇಂದು ಹೆಣವೂ ತನ್ನ ದೋಣಿಯನ್ನು ಬಿಟ್ಟು ಸುತ್ತುಬಳಸಿ ಹೋದರೆ, ಆಮೇಲೆ ಈ ಘಾಟಿನಲ್ಲಿ ತಲೆಯೆತ್ತಿ ನಿಲ್ಲುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

*

ಹಳೆಯ ದೋಣಿ ತೀರ ಸಣ್ಣದು. ಹನ್ನೆರಡು ಮಂದಿ ಕೂತರೆ ಮುಂದಿನವನು ದಂಡೆಯಲ್ಲೇ ಉಳಿಯಬೇಕು. ಕೂತವರ ಮೊಳಕಾಲು ಎದುರಿನವರ ಮೊಳಕಾಲಿಗೆ ತಾಗುತ್ತಿತ್ತು. ಹಾಗಾಗಿ ಅದರಲ್ಲಿ ಗುಟ್ಟು ಅನ್ನುವುದೇ ಇರಲಿಲ್ಲ. ಯಾರ ಸೊಸೆ ತವರಿಗೆ ಹೋದಳು, ಯಾರ ಎತ್ತಿಗೆ ಕಣ್ಣು ಬಂದಿತು, ಎಲ್ಲವೂ ಆಚೆ ದಂಡೆ ಮುಟ್ಟುವುದರೊಳಗೆ ಇತ್ಯರ್ಥವಾಗುತ್ತಿತ್ತು.

ಸಂತೆಯ ದಿನ ಸಿದ್ರಾಮಪ್ಪ ಹೊಲಿಗೆ ಯಂತ್ರವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಮುಂದಿನ ಹಲಗೆಯಲ್ಲಿ ಕೂರುತ್ತಿದ್ದ. ಅವನ ಕರಿ ಟೊಪ್ಪಿಗೆಯ ಅಂಚಿಗೆ ದಾರ ಸುತ್ತಿದ ಸೂಜಿ ಯಾವಾಗಲೂ ಸಿಕ್ಕಿಸಿರುತ್ತಿತ್ತು. ಯಾರ ಅಂಗಿಯಲ್ಲಾದರೂ ಗುಂಡಿ ಇಲ್ಲದಿರುವುದನ್ನು ಕಂಡರೆ ಅವನಿಗೆ ತಡೆಯುತ್ತಿರಲಿಲ್ಲ. ನಡುಹೊಳೆಯಲ್ಲೇ ಹಿಡಿದು ಕೂರಿಸಿ ಹಚ್ಚಿಬಿಡುತ್ತಿದ್ದ. ಮೈಮೇಲಿದ್ದ ಅಂಗಿಗೆ ಸೂಜಿ ಹಾಕಬಾರದು, ಅಪಶಕುನ. ಅದಕ್ಕೇ ಮೊದಲು ಒಂದು ತುಂಡು ದಾರವನ್ನು ಅವರ ಹಲ್ಲಿಗೆ ಕೊಡುತ್ತಿದ್ದ.

"ಕಚ್ಚಿ ಹಿಡಿ. ದಾರ ಬಾಯಾಗ ಇರೂತನಕಾ ಮಾತಿಲ್ಲ."

ಊರಿನ ಬಾಯಿಬಡುಕರ ಗುಂಡಿಗಳು ಭದ್ರವಾಗಿದ್ದರೂ ಅವನು ಮತ್ತೆ ಮತ್ತೆ ಹಚ್ಚುತ್ತಿದ್ದನೆಂದು ಜನ ನಗುತ್ತಿದ್ದರು.

ಆ ದೋಣಿಯನ್ನು ಒಂದು ಬೇಸಿಗೆಯಲ್ಲಿ ಧೂಳಪ್ಪ ಮಾರಿಬಿಟ್ಟ. ಮೇಲಿನ ಘಾಟಿನ ಹಾಜಿಮಲಂಗ ಕಲ್ಲಂಗಡಿ ಹೇರಲು ಅದನ್ನು ಕೊಂಡ. ಮಾರುವ ಮೊದಲು ಧೂಳಪ್ಪ ಯಾರಿಗೂ ಬಾಯಿಬಿಡಲಿಲ್ಲ. ಹೇಳಿದರೆ ಅಳುತ್ತಾರೆ, ಅತ್ತರೆ ತನ್ನ ಮನಸ್ಸು ಕರಗುತ್ತದೆ, ಅಂದುಕೊಂಡ. ಸಂತೆಯ ದಿನ ಬಂದ ಜನಕ್ಕೆ ಕಂಡದ್ದು ಅಂಗಳದಷ್ಟು ಅಗಲದ ಹೊಸ ದೋಣಿ.

"ನಮ್ಮ ದೋಣಿ ಎಲ್ಲೈತಿ?" ಎಂದು ಕೇಳಿದ ಸಿದ್ರಾಮಪ್ಪ, ಯಂತ್ರ ಹೊತ್ತು ನಿಂತಲ್ಲೇ.

"ಮಾರೇನ್ರಿ."

"ನಮ್ಮ ದೋಣಿ ನೀ ಹೆಂಗ ಮಾರ್ತಿ?"

ಧೂಳಪ್ಪ ಹೊಸ ದೋಣಿಯ ಹಗ್ಗ ಬಿಚ್ಚತೊಡಗಿದ. ಆಗಲೇ ಹೊರಟದ್ದು ಆ ಹೆಣದ ಮಾತು. ಅಂದಿನಿಂದ ಸಿದ್ರಾಮಪ್ಪ ಹೊಳೆ ದಾಟುವುದನ್ನೇ ಬಿಟ್ಟ. ಆದರೆ ಸಂತೆಯ ದಿನ ಬಂತೆಂದರೆ ಮೇಲಿನ ಘಾಟಿನ ದಾರಿ ಹಿಡಿದು ಒಬ್ಬನೇ ನಡೆಯುವುದು ಕಾಣುತ್ತಿತ್ತು. ಕೇಳಿದವರಿಗೆ, "ಕಾಲು ಸಡ್ಲಾಗ್ಲಿ ಅಂತ" ಎನ್ನುತ್ತಿದ್ದ. ಜಗಳವಾದ ವಾರವೇ ಧೂಳಪ್ಪನ ಎದೆಗುಂಡಿ ಕಿತ್ತುಹೋಯಿತು. ಅವನೇನು ಕಡಿಮೆ ಹಟಮಾರಿಯೇ? ಬೇರೆ ಟೇಲರನ ಮುಖ ನೋಡಲಿಲ್ಲ. ಅಂಗಿಗಳು ಬದಲಾದವು, ಪಿನ್ನು ಮಾತ್ರ ಉಳಿಯಿತು.

*

ಮನೆಯ ಪಡಸಾಲೆಯಲ್ಲಿ ಸಿದ್ರಾಮಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಹೂವು, ತಲೆಯ ಮೇಲೆ ಅದೇ ಕರಿ ಟೊಪ್ಪಿಗೆ. ಸೂಜಿಯನ್ನು ತೆಗೆಯಲು ಹೋದವರ ಕೈಯನ್ನು ಹೆಂಡತಿ ಕಸ್ತೂರೆವ್ವ ತಡೆದಿದ್ದಳು. ಅಂಗಳದಲ್ಲಿ ಹೆಣವನ್ನು ಕೂರಿಸಿ ಹೊರಲು ಬಾಳೆಕಂಬ ಕಟ್ಟಿದ ವಿಮಾನ ಸಿದ್ಧವಾಗಿತ್ತು. ಭಜನೆಯವರ ಗಂಟಲು ಒಣಗಿತ್ತು. ಎಲ್ಲರೂ ಕಾಯುತ್ತಿದ್ದುದು ಒಂದೇ ತೀರ್ಮಾನಕ್ಕೆ.

"ಮಾತು ಅಂದ್ರ ಮಾತು" ಎಂದ ಕಸ್ತೂರೆವ್ವನ ತಮ್ಮ ಗುರಣ್ಣ. "ಮಾವ ಆಡಿದ್ದನ್ನ ನಾವು ಮುರಿಯೂದು ಬ್ಯಾಡ. ಚಕ್ಕಡಿ ಹೂಡ್ರಿ, ಸೇತುವಿ ಸುತ್ತಿ ಹೋಗೂಣು."

ಬಾಗಿಲಲ್ಲಿ ನಿಂತಿದ್ದ ಧೂಳಪ್ಪ ಮೆಲ್ಲಗೆ ಬಾಯಿಬಿಟ್ಟ. "ಹಳೀ ದೋಣಿ ತರಿಸ್ತೇನ್ರಿ. ಎಷ್ಟು ಸರತಿ ಆದ್ರೂ ಆಗ್ಲಿ, ಎಲ್ಲಾರ್ನೂ ನಾನ ದಾಟಸ್ತೇನಿ. ಹಾಜಿಮಲಂಗಗ ಹೇಳಿ ಕಳಿಸೇನಿ."

ಅಷ್ಟರಲ್ಲಿ ಹಾಜಿಮಲಂಗ ಬಂದೇ ಬಿಟ್ಟ. ಬಂದದ್ದು ಕಾಲ್ನಡಿಗೆಯಲ್ಲಿ. ಮೊದಲು ಹೆಣಕ್ಕೆ ಕೈಮುಗಿದು, ಆಮೇಲೆ ಧೂಳಪ್ಪನ ಕಡೆ ತಿರುಗಿದ.

"ದೋಣಿ ಎಲ್ಲಿಂದ ತರ್ಲಿ? ಹ್ವಾದ ವರ್ಷನ ಅದರ ಹಲಗಿ ಬಿಚ್ಚಿ ದನದ ಕೊಟಗಿಗೆ ಹಾಕೇನಿ."

"ಮತ್ತ ಇವ್ರು ಸಂತಿ ದಿನಾ ಅಲ್ಲಿಗೆ ಬರ್ತಿದ್ರಲ್ಲೋ?"

"ಬರ್ತಿದ್ರು. ದೋಣಿ ಇದ್ದಾಗ, ದಂಡಿಗೆ ಕಟ್ಟಿದ್ದರಾಗ ಹತ್ತಿ ಕುಂದರ್ತಿದ್ರು. ಬಿಚ್ಚಿದ ಮ್ಯಾಲೆ ಕೊಟಗ್ಯಾಗ ಕುಂತು ಚಾ ಕುಡದು ಹೋಗ್ತಿದ್ರು. ಒಂದ ದಿನ ನಾನ ಕೇಳ್ದೆ, ಅದರ ಮ್ಯಾಲೆ ಇಷ್ಟ್ಯಾಕ ಜೀವಾ ಅಂತ. 'ದೋಣಿ ಹಳೇದಾದ್ರ ಮಾರಬೇಕಪಾ, ಯಾರು ಬ್ಯಾಡ ಅಂತಾರ? ಆದ್ರ ನಮಗ ಒಂದ ಮಾತು ಹೇಳಿ ಮಾರಬೇಕಿತ್ತು' ಅಂದ್ರು. ಅಷ್ಟ."

ಕಸ್ತೂರೆವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು ನಿಂತಳು.

"ಧೂಳಪ್ಪಾ, ಬಾ ಇಲ್ಲಿ. ಅವತ್ತು ಹೇಳಲಿಲ್ಲ, ಇವತ್ತರೇ ಹೇಳು. ನನಗಲ್ಲ, ಅವ್ರಿಗೆ."

ಧೂಳಪ್ಪ ಹೆಣದ ಮುಂದೆ ಮೊಳಕಾಲೂರಿದ. ಕೂತ ಹೆಣವೆಂದರೆ ಕಣ್ಣುಮುಚ್ಚಿ ಕೇಳುತ್ತ ಕೂತವನ ಹಾಗೇ ಇರುತ್ತದೆ.

"ಟೇಲರ್ ಸಾಹೇಬ್ರ, ಸಣ್ಣ ದೋಣಿಗೂ ನಾಕ ಆಳು ಬೇಕು, ದೊಡ್ಡದಕ್ಕೂ ನಾಕ ಆಳು ಬೇಕು. ಡಾಂಬರಾ ಹಚ್ಚಾಕ ಎಲ್ಡಕ್ಕೂ ಅಷ್ಟ ದಿನ ದಂಡಿಗೆ ಎಳೀಬೇಕು. ಘಾಟಿನ ಹರಾಜು ವರ್ಷಾ ಏರತೈತಿ. ಎರಡೂ ದಂಡಿಗೆ ಬಸ್ಸು ಬಂದ ಮ್ಯಾಲೆ ಒಮ್ಮೇ ಐವತ್ತು ಮಂದಿ ಇಳೀತಾರ, ಹನ್ನೆರಡ ಮಂದೀನ ಕುಂದರಸಿದ್ರ ಉಳದವರು ನನ್ನ ಬೈಕೋತ ನಿಂದರ್ತಾರ. ಚಕ್ಕಡ್ಯಾವ್ರು ಸೇತುವಿ ಸುತ್ತಿ ಹೊಂಟಿದ್ರು. ಇನ್ನೊಂದ ವರ್ಷ ಅದನ್ನ ಇಟಗೊಂಡಿದ್ರ ಘಾಟ ನನ್ನ ಕೈ ಬಿಡ್ತಿತ್ತು. ಆಗ ಸಣ್ಣದೂ ಇಲ್ಲ, ದೊಡ್ಡದೂ ಇಲ್ಲ." ಅವನು ಕೈಮುಗಿದ. "ನಿಮ್ಮ ಮಾರಿ ನೋಡಿ ಹೇಳಾಕ ಧೈರ್ಯ ಸಾಲಲಿಲ್ರಿ. ತಪ್ಪಾತು. ನನ್ನ ದೋಣಿಗೆ ಬರ್ರಿ."

ಗುರಣ್ಣ ಗಂಟಲು ಸರಿಪಡಿಸಿಕೊಂಡ. ಅವನು ಏನಾದರೂ ಅನ್ನುವ ಮೊದಲೇ ಕಸ್ತೂರೆವ್ವ ಗಂಡನ ಮುಖವನ್ನು ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟಳು.

"ಇಷ್ಟ ಇತ್ತು? ಇದನ್ನ ಅವತ್ತ ಹೇಳಿದ್ರ ಒಂದ ವಾರ ಬೈದು, ಮುಂದಿನ ಸಂತಿಗೆ ತಾವ ಮೊದಲ ಹತ್ತಿ ಕುಂದರ್ತಿದ್ರು. ಇಬ್ರೂ ಕತ್ತೆಗಳು. ಎತ್ರಿ ವಿಮಾನಾ. ಹೊತ್ತಾತು."

ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಭಜನೆಯವರು ತಾಳ ಕೈಗೆತ್ತಿಕೊಂಡರು.

*

ವಿಮಾನ ಹಾಗೇ ದೋಣಿಯೊಳಗೆ ಇಳಿಯಿತು. ಹಳೆಯದರಲ್ಲಾದರೆ ಅದರ ಬಾಳೆಕಂಬಕ್ಕೇ ಜಾಗ ಸಾಲುತ್ತಿರಲಿಲ್ಲ. ಸಿದ್ರಾಮಪ್ಪನನ್ನು ಮುಂದಿನ ಭಾಗದಲ್ಲಿ, ಆಚೆ ದಂಡೆಗೆ ಮುಖಮಾಡಿ ಕೂರಿಸಿದರು. ಭಜನೆಯವರು, ಬೀಗರು, ನೆರೆಹೊರೆಯವರು, ಹಾಜಿಮಲಂಗ, ಎಲ್ಲರೂ ಒಂದೇ ಸರತಿಗೆ ಹತ್ತಿದರು. ಈಚೆ ದಂಡೆಯಲ್ಲಿ ಯಾರೊಬ್ಬರೂ ಉಳಿಯಲಿಲ್ಲ. ಆಳುಗಳು ಹುಟ್ಟು ಹಾಕಿದರು. ಧೂಳಪ್ಪ ಹಿಂದೆ ನಿಂತು ಚುಕ್ಕಾಣಿ ಹಿಡಿದ.

ನಡುಹೊಳೆಯಲ್ಲಿ ಕಸ್ತೂರೆವ್ವ ಕುಡಿಯಲು ನೀರು ಕೇಳುತ್ತ ಹಿಂದಕ್ಕೆ ಬಂದಳು. ಕೊಡ ತೋರಿಸಲು ತಿರುಗಿದ ಧೂಳಪ್ಪನ ಎದೆಯ ಮೇಲೆ ಅವಳ ಕಣ್ಣು ನಿಂತಿತು. ನೀರಿನ ಮಾತು ಬಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ಗಂಡನ ಬಳಿಗೆ ಹೋದಳು. ಅವನ ಟೊಪ್ಪಿಗೆಯಿಂದ ಸೂಜಿ ತೆಗೆದಳು. ತನ್ನ ಚೀಲದಿಂದ ಒಂದು ಗುಂಡಿಯನ್ನು ಹುಡುಕಿಕೊಂಡು ಮತ್ತೆ ಬಂದು ಧೂಳಪ್ಪನ ಎದುರು ನಿಂತಳು.

"ಅಕ್ಕಾರ, ಈಗ್ಯಾಕ್ರಿ... ನಾ ಆ ದೋಣಿ..."

"ಬಾಯಿ ತಗಿ" ಎಂದಳು ಕಸ್ತೂರೆವ್ವ. ದಾರದ ತುಂಡೊಂದನ್ನು ಕಡಿದು ಅವನ ಹಲ್ಲಿಗೆ ಕೊಟ್ಟಳು. "ಕಚ್ಚಿ ಹಿಡಿ."

ಪಿನ್ನನ್ನು ತೆಗೆದು ಹೊಳೆಗೆ ಎಸೆದು ಹೊಲಿಯತೊಡಗಿದಳು. ಧೂಳಪ್ಪ ಎರಡೂ ಕೈಯಲ್ಲಿ ಚುಕ್ಕಾಣಿ ಹಿಡಿದು, ದಾರ ಕಚ್ಚಿಕೊಂಡು, ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ ಅಲ್ಲಾಡದೆ ನಿಂತ. ಮುಂದೆ ಸಿದ್ರಾಮಪ್ಪನ ಟೊಪ್ಪಿಗೆ ದೋಣಿಯ ಓಲಾಟಕ್ಕೆ ಮೆಲ್ಲಗೆ ತೂಗುತ್ತಿತ್ತು. ಆಚೆ ದಂಡೆ ಹತ್ತಿರವಾಗುತ್ತಿತ್ತು.