ಮಾಲ್ಟಾದ ಕಾಗದ ಇವತ್ತಿನ ಟಪಾಲಿಗೆ

ಏಡನ್ನಿನಲ್ಲಿ ಹಡಗು ಅರ್ಧ ದಿನ ನಿಲ್ಲುತ್ತೆ, ಎಂದರು ಅವರು ನಡುಮನೆಯಲ್ಲಿ, ಅಷ್ಟರಲ್ಲಿ ಒಗ್ಗರಣೆ ಸೌಟಿನಲ್ಲಿ ಸಾಸಿವೆ ಸಿಡಿದು ಮುಂದಿನ ಮಾತು ಮುಚ್ಚಿಹೋಯಿತು, ಇಂಗಿನ ವಾಸನೆ ಮೂಗಿಗೆ ಬಡಿದದ್ದೇ ತಡ ಹೊಟ್ಟೆಯೊಳಗಿಂದ ಏನೋ ಎದ್ದು ಗಂಟಲವರೆಗೆ ಬಂತು, ಸರ್ವಮಂಗಳೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು — ಬೇಡ, ಈಗ ಬೇಡ, ಅತ್ತೆ ರಾಜಲಕ್ಷ್ಮಮ್ಮನವರು ಅಲ್ಲೇ ಮಗನ ಎದುರಿಗೆ ಕೂತಿದ್ದಾರೆ, ಅವರ ಕಿವಿ ಬೇರೆಲ್ಲಕ್ಕೂ ಮಂದ, ಇಂಥ ಸದ್ದಿಗೆ ಮಾತ್ರ ಮಂದವಲ್ಲ, ಉಸಿರು ಬಿಗಿಹಿಡಿದು ಹತ್ತರವರೆಗೆ ಎಣಿಸಿದರೆ ಇಳಿಯುತ್ತದೆ, ಆರು, ಏಳು, ಇಳಿಯಿತು. ಅಡುಗೆಮನೆಯ ಬಾಗಿಲಿಂದ ಗಂಡನ ಬೆನ್ನು ಮಾತ್ರ ಕಾಣುತ್ತದೆ, ಬೆನ್ನಿನಾಚೆ ಹರಡಿದ ಭೂಪಟದ ಒಂದು ತುದಿ. ನೆನ್ನೆ ಸಂಜೆ ಪಾವಗಡದ ಕ್ಯಾಂಪಿನಿಂದ ಬಂದವರು, ಹನ್ನೆರಡು ದಿನ ಮುನ್ಸೀಫರ ಮುಂದೆ ನಿಂತು ತೆಲುಗು ಸಾಕ್ಷಿಗಳಿಗೆ ಪಾಟೀಸವಾಲು ಹಾಕಿ ಗಂಟಲು ಕಟ್ಟಿಸಿಕೊಂಡು ಬಂದವರು, ಮಧುಗಿರಿಯ ಇನ್ನೊಬ್ಬ ವಕೀಲರಾಗಿದ್ದರೆ ಇಷ್ಟು ಹೊತ್ತಿಗೆ ಹೊದ್ದು ಮಲಗಿರುತ್ತಿದ್ದರು, ಇವರಿಗೆ ಮಾತ್ರ ಸ್ನಾನ ಸಂಧ್ಯಾವಂದನೆ ಮುಗಿದದ್ದೇ ಮಾಲ್ಟಾ. ಹನ್ನೊಂದರ ಟಪಾಲು ಮೋಟಾರಿಗೆ ಬೊಂಬಾಯಿಯ ಹಡಗಿನ ಏಜೆಂಟರಿಗೆ ಕಾಗದ ಹೋಗಬೇಕು, ಇವತ್ತು ಹೋಗದಿದ್ದರೆ ಏಪ್ರಿಲ್ ಹಡಗಿನಲ್ಲಿ ಜಾಗ ಸಿಗುವುದಿಲ್ಲ, ಬೇಸಿಗೆ ರಜ ಬಿಟ್ಟರೆ ಕೋರ್ಟಿಗೆ ಬೇರೆ ರಜವಿಲ್ಲ, ಇಬ್ಬರಿಗೆ ಜಾಗ, ಎಂದರು, ಇಬ್ಬರಿಗೆ ಎಂದಾಗಲೆಲ್ಲ ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತದೆ, ಅವಳೇ ಅದನ್ನು ಗದರಿ ಕೆಳಗಿಳಿಸುತ್ತಾಳೆ.

ಮಾಲ್ಟಾ ಎಂಬ ಹೆಸರು ಈ ಮನೆಗೆ ಬಂದು ನಾಲ್ಕು ವರ್ಷ, ತಂದು ಹಾಕಿದವರು ಕೊರಟಗೆರೆಯ ಡಾಕ್ಟರ್ ಅಂಜನಪ್ಪ, ಮಹಾಯುದ್ಧದಲ್ಲಿ ಗಾಯಾಳುಗಳ ಹಡಗಿನ ಜೊತೆ ಹೋಗಿ ಆ ದ್ವೀಪದ ಆಸ್ಪತ್ರೆಯಲ್ಲಿ ಎಂಟು ತಿಂಗಳು ಇದ್ದು ಬಂದವರು. ಎರಡನೆಯ ಬಸುರೂ ನಿಲ್ಲದೆ ಹೋದ ಮೇಲೆ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಳು, ಎದ್ದು ತಲೆ ಬಾಚಿಕೋ ಅಂದರೂ ಇಲ್ಲ, ಎರಡು ತುತ್ತು ತಿನ್ನು ಅಂದರೂ ಇಲ್ಲ, ಡಾಕ್ಟರು ನಾಡಿ ಹಿಡಿದು ನೋಡಿ ಹೊರಗೆ ಹೋಗಿ, ಔಷಧಿ ಏನಿಲ್ಲ ಸ್ವಾಮಿ, ಹವಾ ಬದಲಾಗಬೇಕು ಅಂದರು. ನಂದಿಬೆಟ್ಟವೋ, ಎಂದು ಇವರು ಕೇಳಿದರಂತೆ. ಹೋದರೆ ಮಾಲ್ಟಾಕ್ಕೆ ಹೋಗಬೇಕು, ಅಂದರಂತೆ ಡಾಕ್ಟರು ನಗುತ್ತಾ, ಸುತ್ತ ನೀಲಿ ನೀರು, ಕಿತ್ತಲೆ ತೋಟ, ಬೆಳಗಾದರೆ ಮೇಕೆ ಹಿಂಡು ಮನೆಬಾಗಿಲಿಗೇ ಬಂದು ನಿಲ್ಲುತ್ತೆ, ನಮ್ಮ ಕಣ್ಣೆದುರಿಗೇ ಕರೆದು ಕೊಡ್ತಾರೆ ಹಾಲು. ಡಾಕ್ಟರು ಅಂದದ್ದು ತಮಾಷೆಗೆ, ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ, ಇವರು ಹಿಡಿದೇ ಹಿಡಿದರು. ಬೆಂಗಳೂರಿನಿಂದ ಭೂಪಟ ತರಿಸಿದರು, ಹಡಗಿನ ಕಂಪನಿಯ ಬಣ್ಣದ ಪುಸ್ತಕ ತರಿಸಿದರು, ದಿನಾ ಸಂಜೆ ಕೋರ್ಟಿಂದ ಬಂದು ರುಮಾಲು ಗೂಟಕ್ಕೆ ಹಾಕಿ ಅವಳ ಚಾಪೆಯ ಪಕ್ಕ ಕೂತು ಓದುತ್ತಿದ್ದರು, ನೋಡೇ, ಇದು ಸೂಯೆಜ್ಜು, ನೋಡೇ, ಇಲ್ಲಿದೆ ನಮ್ಮ ಮಾಲ್ಟಾ, ಅವರು ಕೆಂಪು ಪೆನ್ಸಿಲ್ ಇಟ್ಟರೆ ಆ ದ್ವೀಪ ಪೆನ್ಸಿಲಿನ ತುದಿಯ ಕೆಳಗೇ ಮಾಯ. ಒಂದು ದಿನ ಅವಳು, ಮೇಕೆಯೋರು ಮಹಡಿ ಮನೆಗೂ ಹತ್ತಿಸ್ತಾರಾ ಮೇಕೇನ, ಎಂದು ಕೇಳಿದಳು, ಹದಿನೆಂಟು ದಿನದ ಮೇಲೆ ಆಡಿದ ಮೊದಲ ಮಾತು ಅದು, ಅವರು ಪುಸ್ತಕ ಮುಚ್ಚಿ ಹಿತ್ತಲಿಗೆ ಎದ್ದು ಹೋದರು, ಬಂದಾಗ ಕಣ್ಣು ಕೆಂಪಗಿತ್ತು. ಆ ದ್ವೀಪ ಇರದಿದ್ದರೆ ಆ ವರ್ಷ ಈ ಮನೆಯಲ್ಲಿ ಮಾತೇ ಇರುತ್ತಿರಲಿಲ್ಲ, ಅದಕ್ಕೇ ಅಲ್ಲವೇ ಇವತ್ತು ಬಾಯಿ ಬರುತ್ತಿಲ್ಲ, ಅದನ್ನು ಅವರ ಕೈಯಿಂದ ಹೇಗೆ ಕಿತ್ತುಕೊಳ್ಳಲಿ.

ಸಾರು ಉಕ್ಕಿತು, ಇಳಿಸಿದಳು. ಅತ್ತೆಯನ್ನು ಒಪ್ಪಿಸಲಿಕ್ಕೇ ಎರಡು ವರ್ಷ ಹಿಡಿಯಿತು, ಕಡಲು ದಾಟಿದವರ ಮನೆಯ ನೀರು ಯಾರು ಮುಟ್ಟುತ್ತಾರೆ ಎಂದು ಶುರುಮಾಡಿದವರು, ಬಂದ ಮೇಲೆ ಪ್ರಾಯಶ್ಚಿತ್ತ ಮಾಡಿಸಿಕೊಳ್ಳಬೇಕು ಎಂಬಲ್ಲಿಗೆ ಇಳಿದರು, ಆಮೇಲೆ ಹಡಗಿನಲ್ಲಿ ಪರರು ಬೇಯಿಸಿದ್ದು ತಿನ್ನಬಾರದು ಎಂಬಲ್ಲಿಗೆ, ಈಗ ನೋಡಿದರೆ ಅವರೇ ಹುರಿಹಿಟ್ಟು, ಅವಲಕ್ಕಿ, ನಿಂಬೆಕಾಯಿ ಉಪ್ಪಿನಕಾಯಿ ಎಂದು ಭರಣಿ ಎಣಿಸುತ್ತಿದ್ದಾರೆ, ಮಧುಗಿರಿ ದಾಳಿಂಬೆ ಎರಡು ಬುಟ್ಟಿ ಒಯ್ಯಿರಿ, ಆ ದೊರೆಗಳು ಒಂದು ಸಲ ರುಚಿ ನೋಡಲಿ ಅನ್ನುತ್ತಿದ್ದಾರೆ. ಸಿರಾದ ದರ್ಜಿ ನಿಯಾಜ್ ಅಹಮದ್ ಹೋದ ವಾರ ಅವರ ಉಣ್ಣೆ ಕೋಟನ್ನೂ ಅವಳಿಗೊಂದು ಬೆಚ್ಚನೆಯ ಉದ್ದ ತೋಳಿನ ಕುಪ್ಪಸವನ್ನೂ ಹೊಲಿದು ಕಳಿಸಿದ, ಅದನ್ನು ಬಿಚ್ಚಿ ನೋಡಿ ಅತ್ತೆ, ಹಡಗಿನ ಚೀಟಿಯೇ ಬಂದಿಲ್ಲ, ಕೂಸು ಹುಟ್ಟುವ ಮುಂಚೆ ಕುಲಾವಿ, ಅಂದರು. ಬರೀ ಗಾದೆ, ಎಲ್ಲರೂ ಆಡುವ ಗಾದೆ, ಆದರೂ ಸರ್ವಮಂಗಳೆಯ ಕೈಯಲ್ಲಿದ್ದ ಕುಪ್ಪಸ ನೆಲಕ್ಕೆ ಬಿತ್ತು, ಅತ್ತೆ ಯಾಕೇ ಎಂದರು, ಏನಿಲ್ಲ, ದಾರ ಸಿಕ್ಕಿಕೊಂಡಿತ್ತು, ಅಂದಳು. ಆ ಕುಪ್ಪಸದ ಹೊಲಿಗೆಯಾದರೂ ಬಿಚ್ಚುವಂತಿದೆಯೋ ಇಲ್ಲವೋ, ಏಪ್ರಿಲ್ ಹೊತ್ತಿಗೆ ಅದು ಮೈಗೆ ಹಿಡಿಸುವುದಿಲ್ಲ.

ಹಿಡಿಸುವುದಿಲ್ಲ ಎಂದು ಯೋಚಿಸುವುದೂ ತಪ್ಪು, ಯೋಚನೆಗೂ ದೃಷ್ಟಿ ತಾಗುತ್ತದೆ. ಹನ್ನೊಂದು ದಿನ. ಹನ್ನೊಂದು ದಿನ ಕಳೆದರೆ ಮೂರು ತಿಂಗಳು ತುಂಬುತ್ತದೆ, ಮೂರು ತುಂಬುವವರೆಗೆ ಬಾಯಿ ಬಿಡಬಾರದು ಎಂದು ಎಲ್ಲರೂ ಹೇಳುತ್ತಾರೆ, ಯಾರೂ ಪಾಲಿಸುವುದಿಲ್ಲ, ಅವಳೂ ಪಾಲಿಸಿರಲಿಲ್ಲ, ಮೊದಲನೆಯದಕ್ಕೆ ಸಂತೋಷ ತಡೆಯದೆ ಮುಟ್ಟು ನಿಂತ ತಿಂಗಳೇ ಹೇಳಿದಳು, ಅತ್ತೆ ಬೀದಿಗೆಲ್ಲ ಹೇಳಿದರು, ಐದರಲ್ಲಿ ಹೋಯಿತು, ಎರಡನೆಯದಕ್ಕೆ ಕೊಡಿಗೇನಹಳ್ಳಿಯ ತನ್ನ ಅಮ್ಮನಿಗೊಬ್ಬಳಿಗೇ ಹೇಳಿ ಕಳಿಸಿದಳು, ಹೇಳಿಕೆ ತಲುಪಿದ ವಾರಕ್ಕೇ ಹೋಯಿತು, ಹೇಳಿದ್ದೇ ತಪ್ಪು, ಬೇರೆ ಯಾವ ತಪ್ಪೂ ಅವಳಿಗೆ ಕಾಣದು. ಅದಕ್ಕೇ ಈ ಸಲ ನಾಟಕ. ಮುಟ್ಟಿನ ದಿನ ಬಂದಾಗ ಏನೂ ಆಗದಿದ್ದರೂ ಚಾಪೆ ಚೊಂಬು ತೆಗೆದುಕೊಂಡು ಹಿತ್ತಲ ಜಗಲಿಯಲ್ಲಿ ಮೂರು ದಿನ ಹೊರಗೆ ಕೂತಳು, ಒಂದು ತಿಂಗಳಲ್ಲ, ಎರಡು ತಿಂಗಳು, ಅತ್ತೆ ಸೊಂಟ ಹಿಡಿದುಕೊಂಡು ಅಡುಗೆ ಮಾಡಿ ದೂರದಿಂದ ಬಡಿಸಿದರು, ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು, ದೇವರ ಮುಂದೆ ದೀಪ ಹಚ್ಚಿದಳು, ದೇವರಿಗಂತೂ ಗೊತ್ತು. ಮುದುಕಿಯ ಮುಖ ನೋಡಿದರೆ ಪಾಪ ಅನ್ನಿಸುತ್ತದೆ, ಆದರೆ ಪಾಪ ಅನ್ನಿಸಿ ಹೇಳಿದರೆ ಏನಾಗುತ್ತದೆ ಎಂದು ಎರಡು ಸಲ ನೋಡಿದ್ದಾಳೆ. ಈಗ ಕಾಗದ ಹೋದರೆ — ಬಸುರಿ ಹೊಳೆ ದಾಟಬಾರದು, ಬಸುರಿಯ ಗಂಡ ಕಡಲು ದಾಟಬಾರದು, ಇದು ಅತ್ತೆಯ ಬಾಯಲ್ಲಿ ಮಾತ್ರವಲ್ಲ, ಪುರೋಹಿತರ ಬಾಯಲ್ಲೂ ಕೇಳಿದ್ದು, ಕಾಗದ ಹೋಗಿ, ಊರಿಗೆಲ್ಲ ಸುದ್ದಿಯಾಗಿ, ಆಮೇಲೆ ಹೋಗುವುದಿಲ್ಲ ಅಂದರೆ, ಯಾಕೆ ಎಂದು ನೂರು ಬಾಯಿ ಕೇಳುತ್ತವೆ, ನೂರು ಕಣ್ಣು ಅವಳ ಹೊಟ್ಟೆಯ ಮೇಲೆ ಬೀಳುತ್ತವೆ. ಕಾಗದ ತಡೆಯಬೇಕಾದರೆ ಅವರಿಗೆ ಹೇಳಬೇಕು, ಹೇಳಿದರೆ ಇದೂ ಹೋದೀತು. ಅತ್ತ ದರಿ, ಇತ್ತ ಪುಲಿ ಅಂತಾರಲ್ಲ, ಹಾಗೆ ಅಡುಗೆಮನೆಯಲ್ಲಿ ನಿಂತಿದ್ದಾಳೆ, ಕೈಯಲ್ಲಿ ಸೌಟು ಬೇರೆ.

ಮಂಗಳಾ, ಕಾಲುಚೀಲ ಎಷ್ಟು ಜೊತೆ ಬೇಕು ನಿನಗೆ, ಎಂದು ಕೂಗಿದರು, ಎಷ್ಟಾದರೂ ಆಗಬಹುದು, ಎಂದಳು, ದನಿ ನೆಟ್ಟಗೆ ಬಂತು ಸದ್ಯ. ಅವರ ಮುಖ ನೋಡಿ ಮಾತಾಡಿ ಎಷ್ಟು ದಿನವಾಯಿತು, ಬಡಿಸುವಾಗ ಎಲೆ ನೋಡುತ್ತಾಳೆ, ನೀರು ಕೊಡುವಾಗ ಲೋಟ ನೋಡುತ್ತಾಳೆ, ಆ ಕಣ್ಣಿಗೆ ಕಣ್ಣು ಸಿಕ್ಕಿದರೆ ಕೇಳದಿದ್ದರೂ ಹೇಳಿಬಿಟ್ಟೇನು ಎಂಬ ಭಯ, ಅವರು ಪಾವಗಡಕ್ಕೆ ಹೊರಟಾಗ ಒಂದು ಕ್ಷಣ ನಿರಾಳವಾಗಿತ್ತು, ಗಂಡ ಊರಿಗೆ ಹೋದರೆ ನಿರಾಳವಾಗುವ ಹೆಂಡತಿ, ಎಂಥವಳಾದೆ. ಗಡಿಯಾರ ಹತ್ತೂವರೆ ಹೊಡೆಯಿತು. ಹೇಳದೆ ತಡೆಯಬಹುದಲ್ಲ, ನನಗೆ ಕಡಲು ಅಂದರೆ ಭಯ ಎನ್ನಬಹುದು, ಕನಸು ಬಿತ್ತು ಎನ್ನಬಹುದು, ನಾಲ್ಕು ವರ್ಷ ಹೂಂ ಅಂದು ಇವತ್ತು ಭಯ ಅಂದರೆ ವಕೀಲರು ಅವರು, ಸಾಕ್ಷಿ ಸುಳ್ಳು ಹೇಳುವುದು ಅವರಿಗೆ ತಿಳಿಯುವುದಿಲ್ಲವೇ, ಅಡ್ಡ ಪ್ರಶ್ನೆ ಒಂದು ಹಾಕಿದರೆ ಸಾಕು. ಕಿಟಕಿಯಾಚೆ ಕ್ಷೌರದ ಅಡವಯ್ಯ ಕಾಣಿಸಿದ, ಪೆಟ್ಟಿಗೆ ಕಂಕುಳಲ್ಲಿ, ಮುಂಬಾಗಿಲಿಂದ ಬಳಸಿ ಹಿತ್ತಲ ಗೇಟಿನ ಕಡೆ ಹೋಗುತ್ತಿದ್ದಾನೆ, ಇವನು ಯಾವಾಗ ಬಂದ, ಯಾವಾಗ ಹೊರಟ, ಅವನ ಮನೆ ಇರುವುದು ಟಪಾಲು ಕಚೇರಿಯ ಹಿಂದೆ, ಈ ಮನೆಯ ಕಾಗದಗಳೆಲ್ಲ ಅವನ ಕೈಯಲ್ಲೇ ಹೋಗುವುದು — ಕೊಟ್ಟುಬಿಟ್ಟರು. ಸೌಟು ಎಲ್ಲಿಟ್ಟಳೋ ತಿಳಿಯದು, ಓಡಬಾರದು ಎಂಬುದು ಹಿತ್ತಲು ಅರ್ಧ ದಾಟಿದ ಮೇಲೆ ನೆನಪಾಯಿತು, ಆಮೇಲೆ ಬೇಗ ಬೇಗ ನಡೆದಳು.

ಅಡವಯ್ಯ, ಕಾಗದ ಇಲ್ಲಿ ಕೊಡು, ಎಂದಳು. ಯಾವ ಕಾಗ್ದ ಅಮ್ಮಾವ್ರೇ, ನಂಗೇನೂ ಕೊಡ್ನಿಲ್ಲ, ಎಂದ ಅವನು, ಬೆಪ್ಪಾಗಿ ಅವಳ ಮುಖ ನೋಡುತ್ತಾ. ಕತ್ತಿ ಮಸ್ಕಂಡು ಬಂದಿದ್ದೇ ಬಂತು, ಸ್ವಾಮ್ಯೋರು ಬಾಗ್ಲಾಗೇ ಕೈಯಾಡ್ಸಿ ಕಳ್ಸ್‌ಬುಟ್ರು, ಪಾವಗಡಕ್ಕೆ ಹೋಗಾಕ್ ಮುಂಚೆ ಬಂದಾಗ್ಲೂ ಇಂಗೇ ಆತು. ಮತ್ತೆ ಯಾವಾಗ ಬರ್ಲಿ ಸ್ವಾಮಿ ಅಂದ್ರೆ, ಶ್ರಾವಣ ಕಳೀಲಿ ಕಣಯ್ಯ, ನಾನೇ ಹೇಳ್ಕಳಿಸ್ತೀನಿ ಅಂತಾರೆ. ಶ್ರಾವಣ ಅಂದ್ರೆ ಇನ್ನೂ ಆರು ತಿಂಗ್ಳೈತೆ ಕಣಮ್ಮ, ಅಷ್ಟೊತ್ಗೆ ಋಷಿ ಆಗೋಯ್ತಾರೆ ನಮ್ ಸ್ವಾಮ್ಯೋರು. ಅವನು ನಕ್ಕು ಗೇಟು ತೆರೆದು ಹೋದ, ಅವಳು ಬಟ್ಟೆ ಒಗೆಯುವ ಕಲ್ಲನ್ನು ಹಿಡಿದು ನಿಂತಳು, ಶ್ರಾವಣ, ಬೆರಳಲ್ಲಿ ಎಷ್ಟು ಸಲ ಎಣಿಸಿದ್ದಾಳೆ, ಎಣಿಸಿದಾಗಲೆಲ್ಲ ಬೆರಳು ಬಂದು ನಿಲ್ಲುವುದು ಶ್ರಾವಣದ ಕೊನೆಗೆ, ಬಸುರಿಯ ಗಂಡ ಹೆಣ ಹೊರಬಾರದು, ಹೊಸ ಮನೆಗೆ ಪಾಯ ಹಾಕಬಾರದು, ಹೆರಿಗೆಯಾಗುವವರೆಗೆ ಗಡ್ಡಕ್ಕೆ ಕತ್ತಿ ಮುಟ್ಟಿಸಬಾರದು. ಎರಡನೆಯ ಸಲ ಹೊರಗೆ ಕೂತ ಮೂರು ದಿನವೂ ನಸುಕಿನಲ್ಲಿ ಈ ಕಲ್ಲಿನ ಬಳಿಯೇ ಬಂದು ಕಕ್ಕಿದ್ದಳು, ಮೂರು ದಿನವೂ ಕಲ್ಲಿನ ಮೇಲೆ ಒಂದು ಚೊಂಬು ಬಿಸಿನೀರು, ಅತ್ತೆ ಎದ್ದಿರಲಿಲ್ಲ, ಕೆಲಸದ ನರಸಮ್ಮ ಬಂದಿರಲಿಲ್ಲ, ಯಾರು ಇಟ್ಟದ್ದು ಎಂದು ಅವಳು ಯೋಚಿಸಲೇ ಇಲ್ಲ, ಬಾಯಿ ಮುಕ್ಕಳಿಸಿ ಸುಮ್ಮನೆ ಒಳಗೆ ಹೋಗಿದ್ದಳು.

ದೂರದಲ್ಲಿ ಟಪಾಲು ಮೋಟಾರಿನ ಹಾರನ್ ಕೇಳಿತು, ಒಂದು ಸಲ, ಮತ್ತೊಂದು ಸಲ, ಹೊರಟಿತು. ಅವಳು ನಡುಮನೆಯ ಬಾಗಿಲಿಗೆ ಬಂದಾಗ ಕಾಗದ ಮೇಜಿನ ಮೇಲೆ ಹಾಗೇ ಇತ್ತು, ಮೋಟಾರು ಹೋಯಿತಲ್ಲೋ, ಎಂದು ಅತ್ತೆ ಗಾಬರಿಯಾದರು, ಹೋಗಲಿ ಬಿಡಮ್ಮ, ನಾಳೆ ಹಾಕಿದರಾಯಿತು, ಎಂದು ಅವರು ಭೂಪಟದ ಮೇಲೆ ಪೆನ್ಸಿಲು ಓಡಿಸಿದರು, ಆಮೇಲೆ ಗಟ್ಟಿಯಾಗಿ, ಅಮ್ಮನಿಗೆ ಕೇಳುವ ಹಾಗೆ, ಮಂಗಳಾ, ಹಡಗಿನ ಕೋಣೆಯಲ್ಲಿ ಮಲಗೋಕೆ ಒಂದರ ಮೇಲೊಂದು ಹಲಗೆ ಇರುತ್ತೆ, ಮೇಲಿಂದು ನನಗಿರಲಿ, ಕೆಳಗಿಂದು ನಿನಗೆ, ನೀನು ಹತ್ತಿ ಇಳಿಯೋದು ಬೇಡ, ಎಂದರು. ಎಂದು ತಿರುಗಿದರು. ಅವಳು ನೋಡಿದಳು. ಗಡ್ಡ. ತಿಂಗಳ ಗಡ್ಡ, ಗದ್ದದ ಬಳಿ ನಾಲ್ಕು ಬಿಳಿಯ ಕೂದಲು, ಮೊದಲ ಸಲ ಬಸುರಿ ಎಂದು ತಿಳಿದು ಬಿಟ್ಟಾಗ ಅವು ಇರಲಿಲ್ಲ, ಕಪ್ಪಗೆ ದಟ್ಟವಾಗಿ ಕತ್ತು ಮುಚ್ಚುವ ಹಾಗೆ ಬೆಳೆದಿತ್ತು, ಕೋರ್ಟಿನಲ್ಲಿ ಎಲ್ಲರೂ ಅಪ್ಪಯ್ಯ ಎಂದು ಛೇಡಿಸುತ್ತಿದ್ದರು — ಐದರಲ್ಲಿ ಹೋದ ಮಾರನೆಯ ಬೆಳಗ್ಗೆ ಅಡವಯ್ಯನ ಮುಂದೆ ಕೂತು ಬಂದು ಅವಳ ಚಾಪೆಯ ಪಕ್ಕ ಕೂತರು, ನುಣ್ಣನೆಯ ಮುಖ, ಎಡಗೆನ್ನೆಯಲ್ಲಿ ಕತ್ತಿ ತಾಕಿದ ಒಂದು ಗೀರು, ಅದರ ತುದಿಯಲ್ಲಿ ರಕ್ತದ ಹನಿ ಒಂದು, ಒರೆಸಿಕೊಳ್ಳಲೂ ಇಲ್ಲ, ಆ ನುಣ್ಣನೆಯ ಮುಖ ಅವಳು ಈ ಜನ್ಮದಲ್ಲಿ ಮರೆಯಲಾರಳು. ಗೊತ್ತಿದೆ ಇವರಿಗೆ, ಗೊತ್ತಿದ್ದೂ ಬಾಯಿ ಬಿಡದೆ, ಅಮ್ಮನ ಕಣ್ಣು ಇತ್ತ ಬೀಳದಿರಲಿ ಎಂದು ದಿನಾ ಮಾಲ್ಟಾ ಮಾಲ್ಟಾ ಎಂದು ಕೂಗುತ್ತಿದ್ದಾರೆ, ಅಳು ಬಂತು, ಅಳಬಾರದು, ಇಬ್ಬರಿಗೆ ಗೊತ್ತಾಯಿತು, ಇಬ್ಬರಿಗೆ ಗೊತ್ತಾದರೂ ಹೇಳಿದಂತೆಯೇ ಆಯಿತೇ, ಹೇಳಲಿಲ್ಲವಲ್ಲ, ಯಾರೂ ಯಾರಿಗೂ ಹೇಳಲಿಲ್ಲ, ಹನ್ನೊಂದು ದಿನ, ಆಮೇಲೆ ಆರು ತಿಂಗಳು, ಆ ಮುಖ ಹಾಗೇ ಇರಲಿ, ಅತ್ತೆ ಏನೋ ಕೇಳುತ್ತಿದ್ದಾರೆ, ಹೂಂ ಅಂದಳು, ಅಡವಯ್ಯ ಹೋದನಲ್ಲ, ಪೆಟ್ಟಿಗೆ ತೆಗೆದುಕೊಂಡೇ ಹೋದನಲ್ಲ, ಗಡ್ಡ ಇದೆಯೇ, ಇದೆ, ಅವರು ಮತ್ತೆ ಭೂಪಟಕ್ಕೆ ಬಗ್ಗಿದರು, ಬಗ್ಗಿದರೂ ಕೆನ್ನೆಯ ಅಂಚಿನಲ್ಲಿ ಕಾಣುತ್ತದೆ, ಗಡ್ಡ, ಇದೆ, ಇನ್ನೂ ಇದೆ —